ಸ್ಮಿತ್ ಎಂಬ ಹೆಸರಿನೊಳಗೆ ಐರಿಷ್ ಕಮ್ಮಾರ?

ಪ್ರಶ್ನೆ: ಮಗಳು ಡಬ್ಲಿನ್‌ನಲ್ಲಿದ್ದಾಳೆ. ಅಳಿಯ ಅಲ್ಲಿಯವರೇ, ಅಡ್ಡಹೆಸರು ಸ್ಮಿತ್. ಮೊಮ್ಮಗಳಿಗೆ ಎರಡೂ ಮನೆತನದ ವಂಶವೃಕ್ಷ ಬರೆದುಕೊಡುವ ಆಸೆ ನನಗೆ. ಅಳಿಯನ ಮುತ್ತಜ್ಜ 1898ರಲ್ಲಿ ಕ್ಯಾವನ್ ಕೌಂಟಿಯಲ್ಲಿ ಹುಟ್ಟಿದ್ದರು ಅನ್ನೋದು ಬಿಟ್ಟರೆ ಆ ಕಡೆಯದು ಏನೂ ಗೊತ್ತಿಲ್ಲ. ಸ್ಮಿತ್ ಇಂಗ್ಲಿಷರ ಹೆಸರಲ್ವಾ? ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋಗಿವೆ ಅಂತಲೂ ಕೇಳಿದೆ.
– ಓದುಗರು, ಧಾರವಾಡ

ಉತ್ತರ: ಕ್ಯಾವನ್ ಅಂದಿರಲ್ಲ, ಅದೇ ದೊಡ್ಡ ಸುಳಿವು. ಐರಿಷ್ ಭಾಷೆಯಲ್ಲಿ ‘ಗೌ’ ಎಂದರೆ ಕಮ್ಮಾರ, ‘ಮ್ಯಾಕ್’ ಎಂದರೆ ಮಗ. ಕಮ್ಮಾರನ ಮಗ ಮ್ಯಾಕ್ ಗೌವನ್. ಇಂಗ್ಲಿಷರ ಆಳ್ವಿಕೆಯಲ್ಲಿ ಹೆಸರುಗಳು ಇಂಗ್ಲಿಷಿಗೆ ತಿರುಗಿದಾಗ ಕೆಲವು ಕಡೆ ಇದು ಮೆಕ್‌ಗವನ್ ಆಯಿತು. ಕ್ಯಾವನ್‌ನಲ್ಲಿ ಮಾತ್ರ ಬಹಳ ಮನೆಯವರು ಅರ್ಥವನ್ನೇ ಅನುವಾದ ಮಾಡಿಕೊಂಡು ಸ್ಮಿತ್ ಆದರು. ನಿಮ್ಮ ಕಡೆ ಕಮ್ಮಾರ, ಬಡಿಗೇರ, ಪತ್ತಾರ ಇಲ್ವಾ, ಹಾಗೇ ಇದೂ ಕಸುಬಿನ ಹೆಸರು. ಆದರೆ ಬ್ರಿಟನ್‌ನಿಂದ ಬಂದು ನೆಲೆಸಿದ ಸ್ಮಿತ್‌ಗಳೂ ಅಲ್ಲಿದ್ದಾರೆ. ಅದಕ್ಕೇ ಬರೀ ಅಡ್ಡಹೆಸರು ಹಿಡಿದು ಹುಡುಕಬೇಡಿ. ಊರು ಮತ್ತು ತಾಯಿಯ ತವರುಮನೆ ಹೆಸರು ಹಿಡಿಯಿರಿ.

ಸುಟ್ಟದ್ದು ನಿಜ. 1922ರ ಜೂನ್ 30ರಂದು, ಅಂತರ್ಯುದ್ಧದ ಹೊತ್ತಿನಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಕಚೇರಿ ಸ್ಫೋಟಕ್ಕೆ ಸಿಕ್ಕಿತು. 1821ರಿಂದ 1851ರವರೆಗಿನ ಜನಗಣತಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಆದರೆ ಜನನ-ಮರಣ ರಿಜಿಸ್ಟರ್‌ಗಳು ಅಲ್ಲಿರಲಿಲ್ಲ, ಉಳಿದವು. 1864ರಿಂದೀಚೆಗೆ ಎಲ್ಲರ ಜನನವನ್ನೂ ಅವುಗಳಲ್ಲಿ ಬರೆಸಬೇಕಿತ್ತು. ಸರ್ಕಾರದ ಐರಿಷ್‌ಜೀನಿಯಾಲಜಿ ಡಾಟ್ ಐಇ ತಾಣದಲ್ಲಿ ನೂರು ವರ್ಷ ದಾಟಿದ ಜನನ ದಾಖಲೆಗಳನ್ನು ಉಚಿತವಾಗಿ ನೋಡಬಹುದು.

ಮೊದಲು ಮುತ್ತಜ್ಜನ 1898ರ ದಾಖಲೆ ತೆಗೆಯಿರಿ. ತಂದೆಯ ಹೆಸರು, ಕಸುಬು, ತಾಯಿಯ ತವರಿನ ಅಡ್ಡಹೆಸರು, ಹುಟ್ಟಿದ ‘ಟೌನ್‌ಲ್ಯಾಂಡ್’ ಎಲ್ಲ ಅಲ್ಲಿರುತ್ತದೆ. ಟೌನ್‌ಲ್ಯಾಂಡ್ ಅಂದರೆ ಪಟ್ಟಣ ಅಲ್ಲ. ನಾಲ್ಕಾರು ಮನೆ, ಸುತ್ತ ಹೊಲ ಇರುವ ನಮ್ಮ ಮಜರೆಯಂಥ ಜಾಗ. ಐರ್ಲೆಂಡಿನಲ್ಲಿ ಇಂಥವು 60 ಸಾವಿರಕ್ಕೂ ಜಾಸ್ತಿ. ಒಂದೇ ಹೆಸರಿನ ಸ್ಮಿತ್‌ಗಳು ಕ್ಯಾವನ್ ತುಂಬ ಸಿಗುತ್ತಾರೆ. ಅವರಲ್ಲಿ ನಿಮ್ಮವರು ಯಾರು ಅಂತ ತೋರಿಸೋದು ಈ ಪುಟ್ಟ ಊರೇ.

ಆಮೇಲೆ 1901 ಮತ್ತು 1911ರ ಜನಗಣತಿ. ಇವು ಉಳಿದಿವೆ, ರಾಷ್ಟ್ರೀಯ ದಾಖಲೆ ಸಂಗ್ರಹದ ತಾಣದಲ್ಲಿ ಉಚಿತ. 1911ರ ಹಾಳೆಯನ್ನು ನಿಧಾನವಾಗಿ ಓದಿ. ಮನೆ ಯಜಮಾನನ ಸಹಿ ಇರುತ್ತದೆ, ಬರಹ ಬಾರದಿದ್ದರೆ ಒಂದು ಗುರುತು. ಹೆಂಡತಿಯ ಸಾಲಿನಲ್ಲಿ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಅಂತ ಮೂರು ಅಂಕಿ. ಕೊನೆಯ ಎರಡರ ನಡುವಿನ ವ್ಯತ್ಯಾಸ ಎಷ್ಟೋ ಸಲ ನನ್ನನ್ನು ಸುಮ್ಮನೆ ಕೂರಿಸಿದೆ. ಆ ಮಕ್ಕಳನ್ನೂ ಮರಣ ರಿಜಿಸ್ಟರ್‌ನಲ್ಲಿ ಹುಡುಕಿ, ವೃಕ್ಷದಲ್ಲಿ ಸೇರಿಸಿ. ವಯಸ್ಸನ್ನು ಮಾತ್ರ ನಂಬಬೇಡಿ. 1909ರಲ್ಲಿ 70 ತುಂಬಿದವರಿಗೆ ಪಿಂಚಣಿ ಶುರುವಾಯಿತು. ಅದಕ್ಕಾಗಿ ವಯಸ್ಸು ಏರಿಸಿ ಬರೆಸಿ, ಎರಡು ಜನಗಣತಿಗಳ ನಡುವಿನ ಹತ್ತು ವರ್ಷದಲ್ಲಿ ಹದಿನೈದು ವರ್ಷ ಮುದುಕರಾದವರು ಧಾರಾಳವಾಗಿ ಸಿಗುತ್ತಾರೆ.

1864ಕ್ಕಿಂತ ಹಿಂದಕ್ಕೆ ಹೋಗಲು ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಆನ್‌ಲೈನ್‌ಗೆ ಹಾಕಿದ ಕ್ಯಾಥೊಲಿಕ್ ಚರ್ಚ್ ಪುಸ್ತಕಗಳಿವೆ. ಜೊತೆಗೆ 1847–64ರ ‘ಗ್ರಿಫಿತ್ಸ್ ವ್ಯಾಲ್ಯುಯೇಷನ್’ ಇದೆ, ಯಾರ ಸಾಗುವಳಿಯಲ್ಲಿ ಯಾವ ಜಮೀನು ಎಂಬ ಪಟ್ಟಿ. ಕ್ಯಾವನ್‌ನವರಿಗೆ ಇನ್ನೊಂದು ಅದೃಷ್ಟ: ಬೆಂಕಿಯಿಂದ ಉಳಿದ 1821ರ ಜನಗಣತಿಯ ಚೂರುಗಳಲ್ಲಿ ಆ ಕೌಂಟಿಯ ಕೆಲವು ಪ್ಯಾರಿಷ್‌ಗಳೂ (ಹಲವು ಟೌನ್‌ಲ್ಯಾಂಡ್ ಸೇರಿದ ವಿಭಾಗಗಳು) ಇವೆ.

ಮನೆತನ ಮ್ಯಾಕ್ ಗೌವನ್ ಎಂದೇ ಖಚಿತವಾದರೆ ಮೊಮ್ಮಗಳ ಹೆಸರಿಗೆ ‘ಮ್ಯಾಕ್’ ಹಾಕಬೇಡಿ, ಅದು ಗಂಡುಮಕ್ಕಳಿಗೆ. ಐರಿಷ್‌ನಲ್ಲಿ ಆಕೆ ‘ನಿಕ್ ಗೌವನ್’.