ದೇವರನ್ನ ಯಾರು ಮಾಡಿದ್ರು ತಾತ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಅದಕ್ಕೆ ಬೇರೆ ಓದುಗರಿಗಾಗಿ ತಿರುಳನ್ನಷ್ಟೇ ಹೇಳುತ್ತೇನೆ. ಹೋದ ಸಂಚಿಕೆಯಲ್ಲಿ ಬಂದ, ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಕುರಿತ ಲೇಖನವನ್ನು ನೀವು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಿರಿ. "ಪ್ರತಿಯೊಂದಕ್ಕೂ ಕಾರಣ ಇದೆ, ಹಾಗಾಗಿ ಎಲ್ಲಕ್ಕೂ ಮೊದಲ ಕಾರಣವಾಗಿ ದೇವರಿದ್ದಾನೆ" ಎಂಬ ಸಾಲು ಬಂದಾಗ ಆರನೇ ಕ್ಲಾಸಿನ ಮೊಮ್ಮಗಳು "ಹಾಗಾದ್ರೆ ದೇವರನ್ನ ಯಾರು ಮಾಡಿದ್ರು ತಾತ?" ಅಂದಳು. ನಿಮಗೆ ಉತ್ತರ ಹೊಳೆಯಲಿಲ್ಲ. ಕೊನೆಯ ಸಾಲು ಮೊದಲ ಸಾಲನ್ನೇ ಹೊಡೆದುಹಾಕುವ ಲೆಕ್ಕಕ್ಕೆ ನಾನು ಸೊನ್ನೆ ಕೊಡುತ್ತಿದ್ದೆ ಎಂದು ಬರೆದಿದ್ದೀರಿ. ಜೊತೆಗೆ ಇನ್ನೊಂದು ಪ್ರಶ್ನೆ: ಅಂಥದ್ದೊಂದು ಕಾರಣ ಇದ್ದರೂ, ಲೋಕದಲ್ಲಿ ಇಷ್ಟು ನೋವಿರುವಾಗ ಅದನ್ನು ಒಳ್ಳೆಯದು ಅಂತ ಯಾಕೆ ಕರೆಯಬೇಕು?

ಸೊನ್ನೆ ಸಲ್ಲಬೇಕಾದ್ದು ನಮಗೆ. ಆ ಸಾಲು ಅಕ್ವಿನಾಸನದಲ್ಲ. ಲೇಖಕರು ಸರಿಯಾಗಿಯೇ ಬರೆದಿದ್ದ ಉದ್ದದ ವಾಕ್ಯವನ್ನು ನಾನು ಮೊಟಕು ಮಾಡಿದಾಗ ಅರ್ಥವೇ ಕೆಟ್ಟಿತು, ಕ್ಷಮಿಸಿ. 'ಪ್ರತಿಯೊಂದಕ್ಕೂ ಕಾರಣ ಇದೆ' ಅಂತ ಅವನು ಹೇಳುವುದಿಲ್ಲ. ಬದಲಾಗುವುದು ಇನ್ನೊಂದರಿಂದ ಬದಲಾಗುತ್ತದೆ, ಇಲ್ಲದೆಯೂ ಇರಬಹುದಾಗಿದ್ದದ್ದು ಇನ್ನೊಂದರಿಂದಾಗಿ ಇದೆ, ಇಷ್ಟೇ ಅವನ ಮಾತು. ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಆದರೆ ನಿಮ್ಮ ಮೊಮ್ಮಗಳ ಪ್ರಶ್ನೆ ನಿಂತಿರುವುದೇ ಅಲ್ಲಿ.

ಇನ್ನೊಂದು ಗೊಂದಲವೂ ನಿಮ್ಮ ಪತ್ರದಲ್ಲಿದೆ, ಅದು ಬಹಳ ಜನರಲ್ಲಿದೆ. 'ಮೊದಲ ಕಾರಣ' ಅಂದ ಕೂಡಲೇ ನಾವೆಲ್ಲ ಹಿಂದಕ್ಕೆ ಎಣಿಸಲು ಶುರು ಮಾಡುತ್ತೇವೆ: ಅಪ್ಪ, ಅಜ್ಜ, ಮುತ್ತಜ್ಜ, ಹಾಗೇ ಹಿಂದೆ ಹಿಂದೆ ಹೋಗಿ ಎಲ್ಲೋ ಒಂದು ಕಡೆ ದೇವರು ಕೂತು ಎಲ್ಲವನ್ನೂ ಶುರು ಮಾಡಿ ಕೈ ತೊಳೆದುಕೊಂಡ ಅಂತ. ಋಣ ಸಂಖ್ಯೆಗಳನ್ನು ಹಿಂದಕ್ಕೆ ಎಣಿಸುತ್ತಾ ಹೋದರೆ ಮೊದಲನೆಯದು ಅಂತ ಸಿಗುವುದೇ ಇಲ್ಲ, ಹಾಗೇ ಲೋಕಕ್ಕೂ ಆರಂಭ ಇಲ್ಲದಿದ್ದರೆ ತಪ್ಪೇನು ಅಂತ ನೀವು ಕೇಳಿದ್ದೀರಿ. ಅಕ್ವಿನಾಸ್ ನಿಮ್ಮ ಪಕ್ಕವೇ ನಿಲ್ಲುತ್ತಾನೆ ಮೇಷ್ಟ್ರೇ! ಲೋಕಕ್ಕೆ ಆರಂಭ ಇತ್ತು ಎಂದು ಅವನು ನಂಬಿದ್ದ, ಆದರೆ ಅದನ್ನು ಬರೀ ತರ್ಕದಿಂದ ಸಾಧಿಸಲು ಆಗುವುದಿಲ್ಲ ಎಂದೂ ಕಡ್ಡಿ ಮುರಿದಂತೆ ಹೇಳಿದ. ಮನುಷ್ಯನಿಂದ ಮನುಷ್ಯ ಹುಟ್ಟುವ ಸಾಲು ಕೊನೆಯಿಲ್ಲದೆ ಹಿಂದಕ್ಕೆ ಹೋಗಬಹುದು ಎಂದ. ಇದಕ್ಕೆ ಅವನು ಕೊಟ್ಟ ಉದಾಹರಣೆ ಸುತ್ತಿಗೆಯದು. ಒಬ್ಬ ಕಮ್ಮಾರ, ಒಂದು ಸುತ್ತಿಗೆ ಮುರಿದರೆ ಇನ್ನೊಂದನ್ನು ತಗೊಳ್ಳುತ್ತಾನೆ, ಅದು ಮುರಿದರೆ ಮತ್ತೊಂದು. ಎಷ್ಟು ಸುತ್ತಿಗೆ ಬಂದುಹೋದವು ಎಂಬುದು ಈಗ ಬೀಳುತ್ತಿರುವ ಏಟಿಗೆ ಸಂಬಂಧವಿಲ್ಲದ್ದು. ಅಕ್ವಿನಾಸ್ ಪಾಠ ಹೇಳುತ್ತಿದ್ದ ಪ್ಯಾರಿಸ್ಸಿನಲ್ಲೇ ಇದ್ದ ಇನ್ನೊಬ್ಬ ಕ್ರೈಸ್ತ ಪಂಡಿತ ಬೊನವೆಂಚರ್ ಇದನ್ನು ಒಪ್ಪಲಿಲ್ಲ, ಆರಂಭವಿಲ್ಲದ ಲೋಕ ತರ್ಕಕ್ಕೇ ನಿಲ್ಲದ ಮಾತು ಎಂದ. ಆಗ ಇದು ಸಣ್ಣ ಜಗಳವಲ್ಲ. 1270ರ ಸುಮಾರಿಗೆ ಅಕ್ವಿನಾಸ್ ಇದೊಂದಕ್ಕೇ ಬೇರೆ ಕಿರುಹೊತ್ತಿಗೆ ಬರೆಯಬೇಕಾಯಿತು. ಇಬ್ಬರೂ ತೀರಿಕೊಂಡದ್ದು 1274ರಲ್ಲಿ.

ಹಾಗಾದರೆ ಅವನ 'ಮೊದಲು' ಎಲ್ಲಿದೆ? ಮೊನ್ನೆ ರಾತ್ರಿ ನಿಮ್ಮ ಪತ್ರ ಓದುತ್ತಿದ್ದಾಗಲೇ ಕರೆಂಟ್ ಹೋಯಿತು. ದೇವರ ಮುಂದೆ ಉರಿಯುತ್ತಿದ್ದ ದೀಪದಿಂದ ಇನ್ನೊಂದನ್ನು ಹಚ್ಚಿಕೊಂಡು ಬಂದು ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ದೇವರ ದೀಪದ ಎಣ್ಣೆ ಮುಗಿದು ಅದು ಆರಿತು. ನನ್ನ ಮೇಜಿನದು ಉರಿಯುತ್ತಲೇ ಇತ್ತು. ಅಪ್ಪ ಹೋದರೂ ಮಗ ಬದುಕಿರುವುದು ಹೀಗೇ ಅಲ್ವಾ? ಆದರೆ ತಲೆಯ ಮೇಲಿನ ಬಲ್ಬು ಹಾಗಲ್ಲ. ಕರೆಂಟ್ ನಿಂತ ಕ್ಷಣ ಅದರ ಬೆಳಕೂ ಇಲ್ಲ. ಬಲ್ಬಿಗೆ ವೈರು, ವೈರಿಗೆ ಕಂಬ, ಕಂಬಕ್ಕೆ ಇನ್ನೊಂದು ಕಂಬ, ಎಲ್ಲವೂ ಈ ಕ್ಷಣದಲ್ಲಿ ಒಟ್ಟಿಗೆ ಕೆಲಸ ಮಾಡಬೇಕು, ಮತ್ತು ಅವುಗಳಲ್ಲಿ ಯಾವುದಕ್ಕೂ ತನ್ನದೇ ಅಂತ ಕರೆಂಟ್ ಇಲ್ಲ. ವೈರನ್ನು ಕೊನೆಯಿಲ್ಲದಷ್ಟು ದೂರ ಎಳೆದರೂ ಬಲ್ಬು ಹತ್ತಿಕೊಳ್ಳುವುದಿಲ್ಲ. ಅಕ್ವಿನಾಸ್ ಹೇಳಿದ್ದು ಈ ಎರಡನೇ ಬಗೆಯ ಸಾಲನ್ನು. ಅವನ ಉದಾಹರಣೆಯಲ್ಲಿ ಕೋಲು ಅಲುಗುವುದು ಕೈ ಅಲುಗಿಸಿದರೆ ಮಾತ್ರ. ಸೂರ್ಯನಿದ್ದಷ್ಟು ಹೊತ್ತು ಗಾಳಿಯಲ್ಲಿ ಬೆಳಕಿದ್ದ ಹಾಗೆ ದೇವರಿಂದ ಲೋಕ ಇದೆ ಅಂತಲೂ ಬರೆದಿದ್ದಾನೆ.

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಮೂವತ್ತರ ಆಸುಪಾಸಿನಲ್ಲಿ ಬರೆದ ಒಂದು ಪುಟ್ಟ ಪುಸ್ತಕದಲ್ಲಿ ಅವನು ಹೇಳುತ್ತಾನೆ: ಫೀನಿಕ್ಸ್ ಹಕ್ಕಿ ಅಂದರೆ ಏನು ಅಂತ ನನಗೆ ಗೊತ್ತಿರಬಹುದು, ಅದು ನಿಜವಾಗಿ ಇದೆಯೋ ಇಲ್ಲವೋ ಗೊತ್ತಿಲ್ಲದೆಯೇ. ಅಂದರೆ ಒಂದು ವಸ್ತು 'ಏನು' ಎಂಬುದೇ ಬೇರೆ, ಅದು 'ಇದೆ' ಎಂಬುದೇ ಬೇರೆ. ನೀವು, ನಾನು, ಮೇಜು, ಗುಡ್ಡ, ಎಲ್ಲರ 'ಇರುವಿಕೆ'ಯೂ ಕೈಗಡ ತಂದದ್ದು. ಎಲ್ಲರೂ ಕೈಗಡ ತಂದವರೇ ಆಗಿದ್ದರೆ ದುಡ್ಡು ಬಂದದ್ದೆಲ್ಲಿಂದ? ಎಲ್ಲೋ ಒಂದು ಕಡೆ ಸ್ವಂತದ್ದು ಇರಲೇಬೇಕು. ಇರುವುದೇ ಅದರ ಸ್ವಭಾವ. ಅದಕ್ಕೇ ಅದನ್ನು ಯಾರು ಮಾಡಿದ್ದು ಅಂತ ಕೇಳಿದರೆ ಪ್ರಶ್ನೆ ಅಂಟಿಕೊಳ್ಳುವುದಿಲ್ಲ.

ಇದನ್ನು ಒಪ್ಪಲೇಬೇಕು ಅಂತ ನಾನು ಹೇಳುತ್ತಿಲ್ಲ. ದೇವರಿದ್ದಾನೆ ಎನ್ನಲು ಅವನು ಕೊಟ್ಟ ವಾದಗಳಲ್ಲಿ ಚಲನೆಯಿಂದ ಶುರುವಾಗುವ ಮೊದಲನೆಯದಕ್ಕೆ ಅರಿಸ್ಟಾಟಲನ ಭೌತಶಾಸ್ತ್ರದ ವಾಸನೆ ಜಾಸ್ತಿ. ಒಮ್ಮೆ ತಳ್ಳಿದ ವಸ್ತು ತಾನಾಗಿಯೇ ಸಾಗುತ್ತದೆ ಎಂದು ನ್ಯೂಟನ್ ಓದಿದ ನಮಗೆ ಅದು ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ನನಗೆ ಗಟ್ಟಿಯಾಗಿ ಕಾಣುವುದು ಇರುವಿಕೆಯ ವಾದವೇ.

ಇನ್ನು ಒಳ್ಳೆಯತನ. ಅವನ ದೊಡ್ಡ ಗ್ರಂಥ 'ಸುಮ್ಮಾ ಥಿಯಾಲಜಿಯೇ'ಯಲ್ಲಿ ದೇವರಿದ್ದಾನೆಯೇ ಎಂಬ ಭಾಗ ಶುರುವಾಗುವುದೇ 'ದೇವರಿಲ್ಲ ಅಂತ ತೋರುತ್ತದೆ' ಎಂಬ ಮಾತಿನಿಂದ. ಅದಕ್ಕೆ ಕೊಡುವ ಮೊದಲ ಕಾರಣ ನಿಮ್ಮದೇ: ಕೊನೆಯಿಲ್ಲದ ಒಳ್ಳೆಯದೊಂದು ಇದ್ದಿದ್ದರೆ ಕೆಡುಕಿಗೆ ಜಾಗವೇ ಇರುತ್ತಿರಲಿಲ್ಲ. ಎದುರಾಳಿಯ ಮಾತನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದ ಈ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಆ ಪುಟದಲ್ಲಿ.

ಅವನ ಪ್ರಕಾರ ಇರುವುದು ಮತ್ತು ಒಳ್ಳೆಯದು ಬೇರೆ ಬೇರೆ ಅಲ್ಲ. ಇರುವುದನ್ನೇ, ಬೇಕೆನಿಸುವ ಕಡೆಯಿಂದ ನೋಡಿದಾಗ ಒಳ್ಳೆಯದು ಅನ್ನುತ್ತೇವೆ. ಮಾವಿನ ಗಿಡ ಮಾವಿನ ಗಿಡವಾಗಿ ಪೂರ್ತಿ ಬೆಳೆದು ನಿಂತರೆ ಅದು ಒಳ್ಳೆಯ ಗಿಡ. ಹಾಗಾಗಿ ಇರುವಿಕೆಯ ಮೂಲವೇ ಒಳ್ಳೆಯದರ ಮೂಲ. ಕೆಡುಕು ಬೇರೊಂದು ವಸ್ತುವಲ್ಲ, ಇರಬೇಕಾದ್ದು ಇಲ್ಲದಿರುವುದು. ಕಲ್ಲಿಗೆ ದೃಷ್ಟಿ ಇಲ್ಲ, ಅದು ಕೆಡುಕಲ್ಲ. ಕಣ್ಣಿಗೆ ದೃಷ್ಟಿ ಇಲ್ಲದಿದ್ದರೆ ಅದು ಕೆಡುಕು.

ನನ್ನ ಅಮ್ಮನಿಗೆ ಕೊನೆಯ ಆರು ವರ್ಷ ಕಣ್ಣು ಕಾಣುತ್ತಿರಲಿಲ್ಲ. ಆದರೂ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಬೆರಳಲ್ಲೇ ಹುಡುಕಿ, ಕಲ್ಲು ಸಿಕ್ಕಿದರೆ ಹೆಬ್ಬೆರಳಿಂದ ಒಮ್ಮೆ ಒತ್ತಿ ನೋಡಿ, ಪಕ್ಕದ ಬಟ್ಟಲಿಗೆ ಹಾಕುತ್ತಿದ್ದಳು. ಅಕ್ವಿನಾಸ್ ಹೇಳಿದ ಎರಡೂ ಅಲ್ಲಿದ್ದವು, ದೃಷ್ಟಿಯ ಅಗತ್ಯವೇ ಇಲ್ಲದ ಕಲ್ಲು, ದೃಷ್ಟಿ ಇರಬೇಕಾಗಿದ್ದ ಅಮ್ಮ. ಅವನ ಮಾತು ನನಗೆ ಅರ್ಥವಾದದ್ದು ಆ ಮೊರದ ಮುಂದೆ. ಸಮಾಧಾನ ಮಾತ್ರ ಆಗಲಿಲ್ಲ. ದೇವರು ಕೆಡುಕಿನಿಂದಲೂ ಒಳ್ಳೆಯದನ್ನು ತೆಗೆಯಬಲ್ಲ ಅಂತ ಅವನು ತನಗಿಂತ ಬಹಳ ಹಿಂದಿನ ಕ್ರೈಸ್ತ ಗುರು ಅಗಸ್ಟೀನನ ಮಾತನ್ನು ತಂದು ಉತ್ತರ ಕೊಡುತ್ತಾನೆ. ಅಮ್ಮನ ವಿಷಯದಲ್ಲಿ ಆ ಒಳ್ಳೆಯದು ಯಾವುದು ಅಂತ ಯಾರಾದರೂ ತೋರಿಸಲು ಬಂದಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಆದರೆ ಅವಳ ನೋವು ಮಾಯೆ, ಇಲ್ಲದ್ದು ಅಂತ ಅಕ್ವಿನಾಸ್ ಹೇಳುವುದಿಲ್ಲ. ಕಣ್ಣಿಗೆ ದೃಷ್ಟಿ ಸಲ್ಲಬೇಕಿತ್ತು, ಅದು ಇಲ್ಲವಾಯಿತು ಅನ್ನುತ್ತಾನೆ. ಅಷ್ಟರ ಮಟ್ಟಿಗೆ ಅವನು ನನ್ನ ಕಡೆಯವನು.

1273ರ ಡಿಸೆಂಬರ್‌ನಲ್ಲಿ ಒಂದು ದಿನ ಪೂಜೆ ಮುಗಿಸಿ ಬಂದವನು ಬರೆಯುವುದನ್ನೇ ನಿಲ್ಲಿಸಿಬಿಟ್ಟ. ತಾನು ಕಂಡದ್ದರ ಮುಂದೆ ಬರೆದದ್ದೆಲ್ಲ ಒಣಹುಲ್ಲಿನ ಹಾಗೆ ಕಾಣುತ್ತಿದೆ ಎಂದನಂತೆ. ಮೂರು ತಿಂಗಳಲ್ಲಿ ತೀರಿಕೊಂಡ, 'ಸುಮ್ಮಾ' ಅರ್ಧಕ್ಕೇ ನಿಂತಿತು. ನೋವಿನ ಪ್ರಶ್ನೆಗೆ ಅವನಲ್ಲಿ ಪೂರ್ತಿ ಉತ್ತರ ಸಿಗಲಿಲ್ಲ ಅಂತ ನೀವು ಬರೆದಿದ್ದೀರಲ್ಲ, ನನಗೂ ಸಿಕ್ಕಿಲ್ಲ.

ಮುಂದಿನ ಸಲ ಕರೆಂಟ್ ಹೋದಾಗ ಮೊಮ್ಮಗಳ ಮುಂದೆ ಎರಡು ದೀಪ ಹಚ್ಚಿ, ಮೊದಲನೆಯದನ್ನು ಆರಿಸಿ ತೋರಿಸಿ. ಆಮೇಲೆ ಬಲ್ಬಿನ ಕಡೆ ಕೈ ತೋರಿಸಿ. ಅವಳು ಏನು ಕೇಳಿದಳು ಅಂತ ಬರೆಯಿರಿ, ಅದನ್ನು ಮೊಟಕು ಮಾಡದೆ ಅಚ್ಚು ಹಾಕುತ್ತೇನೆ.

— ಸಂಪಾದಕ