ಮಾಳಿಗೆಗೆ ಸಿಮೆಂಟ್ ಹಾಕಿದ ಮೇಲೆ ಧರ್ಮಶಾಲೆ ಜಾಸ್ತಿ ಸೋರುತ್ತಿದೆ, ಯಾಕೆ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ಊರ ಮುಂದೆ ಹಳೇ ಧರ್ಮಶಾಲೆ ಇದೆ. ಸೋರುತ್ತಿತ್ತೆಂದು ಚಂದಾ ಎತ್ತಿ, ಎರಡು ವರ್ಷದ ಹಿಂದೆ ಮಣ್ಣಿನ ಮಾಳಿಗೆ ಮೇಲೆ ಸಿಮೆಂಟ್ ಹಾಕಿಸಿದೆವು. ಈಗ ಇನ್ನೂ ಜಾಸ್ತಿ ಸೋರುತ್ತಿದೆ. ಏನು ಮಾಡಬೇಕು? ಕಟ್ಟಿಸಿದವರು ಯಾರೆಂದು ಎಲ್ಲಿ ಹುಡುಕುವುದು?

ಉತ್ತರ: ಕಾರಣ ಆ ಸಿಮೆಂಟೇ. ಮಣ್ಣು ತೇವಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮಾಳಿಗೆ ಹೊರುವ ಮರದ ಜಂತಿಯೂ ಭಾರಕ್ಕೆ ಒಂಚೂರು ಬಾಗುತ್ತದೆ. ಸಿಮೆಂಟ್ ಬಾಗದೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಮಣ್ಣಲ್ಲೇ ಕೂರುತ್ತದೆ. ಕೆಳಗಿನಿಂದ ಜಂತಿ ಗಟ್ಟಿಯಾಗಿಯೇ ಕಂಡೀತು. ಕೊಳೆಯುವುದು ಅದರ ಬೆನ್ನು, ಮತ್ತೆ ಗೋಡೆಯೊಳಗೆ ಹೊಕ್ಕ ತುದಿ. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಜಂತಿ ಬದಲಿಸಲೇಬೇಕು.

ತೊಲೆಗಳಿಗೆ ಆನಿಕೆ ಕೊಡದೆ ಯಾರೂ ಮೇಲೆ ಹತ್ತಬಾರದು. ಸಿಮೆಂಟನ್ನು ದೊಡ್ಡ ಸುತ್ತಿಗೆಯಿಂದ ಬಡಿಯದೆ, ಉಳಿ ಹಿಡಿದು ಎರಡೆರಡು ಅಡಿ ಪಟ್ಟಿಯಾಗಿ ಎಬ್ಬಿಸಿ. ಹಸಿ ಮಣ್ಣು ತೆಗೆದು ಕಟ್ಟಿಗೆ ಪೂರ್ತಿ ಒಣಗಲು ಬಿಡಿ. ಜಂತಿ ಸರಿಯಾದ ಮೇಲೆ ಅಡ್ಡ ಚಕ್ಕೆ, ಅದರ ಮೇಲೆ ಬಂದರಿಕೆ ಗಿಡದ ಇಲ್ಲವೇ ಬೇವಿನ ಸೊಪ್ಪು, ಆಮೇಲೆ ಮಣ್ಣು ಹಾಕಿ ದಿಮ್ಮಿಸಿ. ಎಲ್ಲಕ್ಕೂ ಮೇಲೆ 3–4 ಇಂಚು ಸವಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು. ಸವಳಿನ ಉಪ್ಪಿಗೆ ಮಣ್ಣಿನ ಕಣ ಬಿಡಿಬಿಡಿಯಾಗಿ ಸಂದು ಮುಚ್ಚುತ್ತವೆ, ಮೊದಲ ಮಳೆಗೇ ಮೇಲ್ಪದರ ಮೆತ್ತಿಕೊಳ್ಳುತ್ತದೆ. ಹತ್ತಿರ ಸಿಗುತ್ತದೆಂದು ಎರೆ ಮಣ್ಣು ಹೇರಬೇಡಿ. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಾಯಿ ಬಿಡುತ್ತದೆ. ನೀರು ಹೋಗುವ ದೋಣಿಯ ಕಡೆಗೆ ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು ಇರಲಿ. ವರ್ಷಕ್ಕೊಮ್ಮೆ, ಮಿರಗ (ಮೃಗಶಿರಾ) ಮಳೆಗೆ ಮುಂಚೆ, ತೆಳುವಾಗಿ ಹೊಸ ಸವಳು ಹರಡಬೇಕು. ಈ ಕೆಲಸಕ್ಕೆ ಊರಲ್ಲಿ ಜನ ಇಲ್ಲವಾದರೆ ಮಾಳಿಗೆ ಉಳಿಯದು, ಚಂದಾ ಎಷ್ಟೇ ಎತ್ತಿದರೂ.

ಕಟ್ಟಿಸಿದವರ ಹೆಸರಿಗೆ ಬಾಗಿಲ ಮೇಲಿನ ಕಲ್ಲು, ಬಾವಿಯ ಒಳಗೋಡೆ ನೋಡಿ. ಸುಣ್ಣದ ಪದರಗಳಡಿ ಅಕ್ಷರ ಮುಚ್ಚಿರಬಹುದು; ನೀರು ಚಿಮುಕಿಸಿ ಮರದ ಚಕ್ಕೆಯಿಂದ ಮೆಲ್ಲಗೆ ಕೆರೆಯಿರಿ. 1948ರ ಸೆಪ್ಟೆಂಬರ್‌ವರೆಗೆ ನಿಮ್ಮ ಸೀಮೆ ನಿಜಾಮರದು, ಹಳೇ ಕಾಗದ ಹೆಚ್ಚಾಗಿ ಉರ್ದುವಿನಲ್ಲಿ ಇರುತ್ತವೆ. ಧರ್ಮಶಾಲೆಗೆ ಅಲ್ಲಿ ಬಳಸುವ 'ಸರಾಯಿ', 'ಮುಸಾಫಿರ್‌ಖಾನಾ' ಎಂಬ ಹೆಸರಲ್ಲೂ ಹುಡುಕಿಸಿ. ತಹಶೀಲ್ದಾರ್ ಕಚೇರಿಯಲ್ಲಿ 1954–55ರ ಖಾಸ್ರಾ ಪಹಣಿ (ಆಗಿನ ಜಮೀನು ದಾಖಲೆ) ಕೇಳಿ. ದೀಪದೆಣ್ಣೆಗೋ ನೀರು ಹೊರುವವರಿಗೋ ಬಿಟ್ಟ ಇನಾಂ ಹೊಲವಿದ್ದರೆ ಅದರ ಸರ್ವೆ ನಂಬರಿನಿಂದ ದಾರಿ ಸಿಕ್ಕೀತು.

ಫಲಕ ಬರೆಸುವುದಾದರೆ, 'ಸರ್ವರಿಗೂ ಆಶ್ರಯ' ಎನ್ನುವ ಮುಂಚೆ ಗೋಡೆಯ ಮಸಿ ನೋಡಿ. ಬೇರೆ ಬೇರೆ ಮೂಲೆಯಲ್ಲಿ ಒಲೆಗುರುತು ಇದ್ದರೆ ಜಾತಿಗೊಂದರಂತೆ ಅಡುಗೆ ಬೇರೆ ಬೇರೆ ಆಗಿರಬಹುದು. ಪಡಸಾಲೆಗೆ ಬರಗೊಡದೆ ಹೊರಗಿನ ಕಟ್ಟೆಯಲ್ಲೇ ಮಲಗಿಸಿದವರೂ ಇದ್ದರೇ ಎಂದು ಊರ ಹಿರಿಯರನ್ನು ಕೇಳಿ, ಎಲ್ಲ ಕೇರಿಯ ಹಿರಿಯರನ್ನು.

ಪ್ರಶ್ನೆ: ಸಿರುಗುಪ್ಪ ಕಡೆಯ ನಮ್ಮೂರ ಛತ್ರದ ಮುಂದೆ ಎರಡು ನಿಲುಗಲ್ಲು, ಮೇಲೊಂದು ಅಡ್ಡಗಲ್ಲು ಇದೆ. ಕುಂಕುಮ ಹಚ್ಚುತ್ತಾರೆ. ಯಾವ ದೇವರದು?

ಉತ್ತರ: ದೇವರದಲ್ಲ, ಹೊರೆಗಲ್ಲು ಇರಬೇಕು. ಎದೆಮಟ್ಟ, ಅಂದರೆ ನಾಲ್ಕರಿಂದ ನಾಲ್ಕೂವರೆ ಅಡಿ ಎತ್ತರ ಇದೆಯೇ ಅಳೆಯಿರಿ. ತಲೆಹೊರೆಯವರು ನಿಂತಲ್ಲೇ ಹೊರೆಯನ್ನು ಕಲ್ಲಿಗೆ ಸರಿಸಿ, ದಣಿವಾರಿಸಿಕೊಂಡು ಮತ್ತೆ ತಲೆಗೇರಿಸುತ್ತಿದ್ದರು. ಕೈಕೊಡಲು ಇನ್ನೊಬ್ಬರು ಬೇಕಿರಲಿಲ್ಲ. 1871ರಲ್ಲಿ ರಾಯಚೂರಿನಲ್ಲಿ ಮುಂಬಯಿ, ಮದ್ರಾಸ್ ಕಡೆಯ ರೈಲು ಹಳಿಗಳು ಕೂಡಿದ ಮೇಲೆ ದೂರದ ಸರಕು ಹೇರೆತ್ತಿನಿಂದ (ಬೆನ್ನ ಮೇಲೆ ಹೊರೆ ಹೊರುವ ಎತ್ತಿನಿಂದ) ರೈಲಿಗೆ ಹೋಯಿತು, ದಾರಿಯ ಛತ್ರಗಳಿಗೆ ಕೆಲಸ ಕಮ್ಮಿಯಾಯಿತು. ಕುಂಕುಮ ಹಚ್ಚಲಿ, ತೊಂದರೆಯಿಲ್ಲ. ರಸ್ತೆ ಎತ್ತರಿಸುವಾಗ ಅರ್ಧ ಹೂತುಹೋಗದಂತೆ ನೋಡಿಕೊಳ್ಳಿ.