ಪರೀಕ್ಷೆ ಉಚಿತ, ಆದರೂ ಜನ ಬರೋದಿಲ್ಲ ಯಾಕೆ?

ಪ್ರಶ್ನೆ: ಕ್ಷಯ, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ ಎಂದು ನಾವು ಸ್ವಯಂಸೇವಕರು ಮನೆಮನೆಗೆ ಹೋಗಿ ಹೇಳುತ್ತೇವೆ. ಆದರೂ ಬರುವವರು ಕಡಿಮೆ. ಬಂದವರಲ್ಲೂ ಎಷ್ಟೋ ಜನ ರಿಪೋರ್ಟ್ ತೆಗೆದುಕೊಳ್ಳಲು ಬರುವುದಿಲ್ಲ. ಜನರಿಗೆ ತಿಳಿವಳಿಕೆ ಇಲ್ವಾ?

ಉತ್ತರ: ಸುಮ್ನೆ ಜನರ ಮೇಲೆ ಹಾಕಬೇಡಿ. ಪರೀಕ್ಷೆ ಉಚಿತ, ಸರಿ. ಆದರೆ ಓಡಾಟದ ಖರ್ಚು, ಕೈತಪ್ಪಿದ ಒಂದು ದಿನದ ಕೂಲಿ, ಅಷ್ಟು ಹೊತ್ತು ಮಗುವನ್ನು ನೋಡಿಕೊಳ್ಳುವವರು ಯಾರು? ರಿಪೋರ್ಟಿಗೆ ಮತ್ತೆ ಬನ್ನಿ ಅಂದರೆ ಅದೇ ಖರ್ಚು ಇನ್ನೊಂದು ಸಲ, ಅಲ್ವಾ?

ಅದಕ್ಕೇ ಪರೀಕ್ಷೆಯೇ ಜನರ ಹತ್ತಿರ ಹೋಗಬೇಕು, ಫಲಿತಾಂಶ ಅವತ್ತೇ ಸಿಗಬೇಕು. ಮಲೇರಿಯಾಕ್ಕೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು, 15–20 ನಿಮಿಷದಲ್ಲಿ ಗೊತ್ತಾಗುತ್ತದೆ. ಕಫದಲ್ಲಿ ಕ್ಷಯದ ರೋಗಾಣು ಇದೆಯಾ, ಅದು ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದಾ ಎಂದು ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು 2 ಗಂಟೆಯಲ್ಲಿ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2010ರಲ್ಲೇ ಒಪ್ಪಿದೆ. (ಕರೆಂಟ್ ಕೈಕೊಡುವ ಕಡೆ ಆ ಯಂತ್ರ ಮೂಲೆ ಸೇರುತ್ತದೆ, ಅದು ಬೇರೆ ಮಾತು.) ಯಾರಾದರೂ ನೋಡಿಬಿಟ್ಟಾರು ಎಂದು ಹೆದರುವವರಿಗೆ ಎಚ್‌ಐವಿ ಸ್ವಯಂ ಪರೀಕ್ಷೆ ಕಿಟ್ ಇದೆ. ಅದರಲ್ಲಿ ಪಾಸಿಟಿವ್ ಬಂದರೆ ಆರೋಗ್ಯ ಕೇಂದ್ರದಲ್ಲಿ ಮತ್ತೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಲೇಬೇಕು.

ಇನ್ನೊಂದು ವಿಷಯ. ರೋಗ ಇದೆ ಅಂತ ಹೇಳಿ ಕೈಬಿಟ್ಟರೆ ಮುಂದಿನ ಸಲ ಯಾರೂ ನಿಮ್ಮನ್ನು ನಂಬುವುದಿಲ್ಲ. ಚಿಕಿತ್ಸೆ ಎಲ್ಲಿ, ಎಷ್ಟು ದಿನ ಎಂದು ಮೊದಲೇ ಹೇಳಿ. ಹೆಪಟೈಟಿಸ್ ಸಿ ಬಂದ ಹೆಚ್ಚಿನವರು 8–12 ವಾರ ಮಾತ್ರೆ ತೆಗೆದುಕೊಂಡರೆ ಪೂರ್ತಿ ಗುಣವಾಗುತ್ತಾರೆ. ಇದೇ ಎಷ್ಟೋ ಜನರಿಗೆ ಗೊತ್ತಿಲ್ಲ!

ಅಂದಹಾಗೆ ನಿಮ್ಮ ಶಿಬಿರ ಎಷ್ಟು ಗಂಟೆಗೆ? ಕೆಲಸದ ಹೊತ್ತಿನಲ್ಲಿದ್ದರೆ ಸಂಜೆಗೆ ಬದಲಿಸಿ ನೋಡಿ.